ಹದಿಹರೆಯದ ಕ್ರೋಧವೂ ಹಿರಿಯರ ಅಭ್ಯಾಸವೂ

ಜಕ್ಕೂರಿನ ಒಂದು ಶ್ರಾವಕ ಕುಟುಂಬದಲ್ಲಿ ಕಳೆದ ಮಾಗಿಯಲ್ಲಿ ನಡೆದ ಸಂಗತಿಯಿದು. ಆ ಮನೆಯ ಬಾಲಕ ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಅವನ ಶಾಲೆಯಲ್ಲಿ ಭಾವನೆಗಳನ್ನು ನಿರ್ವಹಿಸುವ ಬಗೆಯನ್ನು ಕುರಿತು ವಾರಕ್ಕೊಂದು ಅವಧಿಯ ಪಾಠ ನಡೆಯುತ್ತಿತ್ತು. ಕೋಪ ಬಂದಾಗ ಮೊದಲು ಅದನ್ನು ಗುರುತಿಸಬೇಕು, ಬಂದಿದೆಯೆಂದು ಬಾಯಿಬಿಟ್ಟು ಹೇಳಬೇಕು, ಸ್ವಲ್ಪ ದೂರ ಸರಿದು, ಉಸಿರು ಹದಕ್ಕೆ ಬಂದ ಮೇಲೆ ಮಾತಿಗೆ ಮರಳಬೇಕು ಎಂದು ಅಲ್ಲಿ ಕಲಿಸಿದ್ದರು.

ಒಂದು ಭಾನುವಾರ ಸೂರ್ಯಾಸ್ತಕ್ಕೆ ಮುನ್ನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಗಣಿತದ ಅಂಕಗಳ ಮಾತು ಬಂತು. ತಂದೆಯ ಧ್ವನಿ ಏರಿತು. ಬಾಲಕ ಎದ್ದು ನಿಂತು, “ಅಪ್ಪಾ, ನನಗೀಗ ತುಂಬಾ ಕೋಪ ಬಂದಿದೆ. ಸ್ವಲ್ಪ ಹೊತ್ತು ಆಚೆ ಹೋಗಿ ಬರ್ತೀನಿ, ಆಮೇಲೆ ಮಾತಾಡೋಣ” ಎಂದ.

“ನನಗೇ ಎದುರು ಹೇಳ್ತೀಯಾ? ಕೂತ್ಕೋ!” ಎಂದು ತಂದೆ ಅವನ ತೋಳು ಹಿಡಿದರು. ಬಾಲಕ ತೋಳು ಕೊಸರಿಕೊಂಡ, ತಟ್ಟೆ ಉರುಳಿತು, ಅವನು ಬಾಗಿಲು ದಾಟಿ ಹೋದ. ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಮನೆಯವರು ಬೀದಿ ಬೀದಿ ಹುಡುಕಿದರು. ಕೊನೆಗೆ ಕೆರೆಯ ಬಾಗಿಲ ಬಳಿ ಕತ್ತಲಲ್ಲಿ ಒಬ್ಬನೇ ಕುಳಿತಿದ್ದವನನ್ನು ಕಂಡವರು ತಾತ. ನೀರಿನ ಅಷ್ಟು ಸಮೀಪದಲ್ಲಿ ಮೊಮ್ಮಗನನ್ನು ಕಂಡ ಆ ವೃದ್ಧರ ಎದೆ ನಡುಗಿದ್ದು ಸಹಜವೇ. ಅವರು ಏನೂ ಕೇಳದಿದ್ದರೂ ಬಾಲಕ ತಾನಾಗಿ ನುಡಿದ: “ಸ್ಕೂಲಲ್ಲಿ ಹೇಳಿಕೊಟ್ಟ ಹಾಗೇ ಮಾಡಿದೆ, ತಾತ.”

ಈ ತಂದೆ ಕಠೋರ ಹೃದಯದವರಲ್ಲ. ಬಸದಿಯ ದರ್ಶನ ತಪ್ಪಿಸದವರು, ಮಗನ ಓದಿಗಾಗಿಯೇ ಊರು ಬಿಟ್ಟು ನಗರಕ್ಕೆ ಬಂದವರು. ಆದರೆ ಮಗನ ಆ ಮಾತಿನಲ್ಲಿ ಅವರಿಗೆ ಕೇಳಿಸಿದ್ದು ಉದ್ಧಟತನ ಮಾತ್ರ. ಪಾಠ ಕಲಿತವನು ಮಗ. ಆ ಪಾಠದ ಭಾಷೆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಇಂತಹ ಶಿಕ್ಷಣ ಕರ್ನಾಟಕಕ್ಕೆ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಹತ್ತು ಜೀವನ ಕೌಶಲ್ಯಗಳನ್ನು ಹೆಸರಿಸಿತು. ಭಾವನೆಗಳನ್ನೂ ಒತ್ತಡವನ್ನೂ ನಿಭಾಯಿಸುವುದು ಅವುಗಳಲ್ಲಿ ಸೇರಿತ್ತು. ಅದನ್ನು ಆಧರಿಸಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರೌಢಶಾಲೆಗಳಿಗಾಗಿ ಒಂದು ಕಾರ್ಯಕ್ರಮ ರೂಪಿಸಿತು. ಪ್ರತಿ ಶಾಲೆಗೂ ಮನೋವೈದ್ಯರನ್ನು ಕಳುಹಿಸುವುದು ಅಸಾಧ್ಯವಾದುದರಿಂದ ಶಿಕ್ಷಕರಿಗೇ ತರಬೇತಿ ನೀಡಲಾಯಿತು. ದಕ್ಷಿಣ ಕರ್ನಾಟಕದ ನಾಲ್ಕು ಜಿಲ್ಲೆಗಳ 261 ಪ್ರೌಢಶಾಲೆಗಳಲ್ಲಿ ಅದು ನಡೆಯಿತು. ಡಾ. ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಅವರು ಇದರ ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಒಂದು ವರ್ಷ ಪಾಠ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಂದಿಗೆ ಹೋಲಿಸಿದಾಗ, ಮೊದಲಿನವರಲ್ಲಿ ಆತ್ಮಗೌರವ ಹೆಚ್ಚಿತ್ತು, ಕಷ್ಟವನ್ನು ಎದುರಿಸಬಲ್ಲೆವೆಂಬ ಭರವಸೆಯಿತ್ತು, ಶಿಕ್ಷಕರೊಂದಿಗೂ ಶಾಲೆಯೊಂದಿಗೂ ಹೊಂದಾಣಿಕೆ ಉತ್ತಮವಾಗಿತ್ತು. ಆದರೆ ಮನೆಯವರೊಂದಿಗಿನ ಹೊಂದಾಣಿಕೆಯಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವೇ ಕಾಣಲಿಲ್ಲ.

ಈ ಕೊನೆಯ ಅಂಶವನ್ನು ತಂದೆತಾಯಿಗಳು ಎರಡು ಬಾರಿ ಓದಬೇಕು. ಪಾಠದಲ್ಲಿ ತೊಡಗಿದವರು ಶಿಕ್ಷಕರು. ಬಾಂಧವ್ಯ ಸುಧಾರಿಸಿದ್ದೂ ಅವರೊಂದಿಗೇ. ಬ್ರಿಟನ್ನಿನ ಅನುಭವವೂ ಇದಕ್ಕೆ ದೂರವಲ್ಲ. ಅಲ್ಲಿ ಎಂಬತ್ತಕ್ಕೂ ಮಿಕ್ಕ ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು, ಮನಸ್ಸನ್ನು ಗಮನಿಸುವ ಧ್ಯಾನವನ್ನು ಕಲಿಸುವ ದೊಡ್ಡ ಪ್ರಯೋಗವೊಂದು ನಡೆಯಿತು. ಎಂದಿನ ಪಾಠಕ್ಕಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲವೆಂದು 2022ರಲ್ಲಿ ವರದಿಯಾಯಿತು. ಬಹುಪಾಲು ಮಕ್ಕಳು ತರಗತಿಯ ಹೊರಗೆ ಅದನ್ನು ಅಭ್ಯಾಸ ಮಾಡಿಯೇ ಇರಲಿಲ್ಲ.

ಜಕ್ಕೂರಿನವರಿಗೆ ವಿಮಾನ ತರಬೇತಿ ಅಪರಿಚಿತವಲ್ಲ. ಹಾರಾಟ ಕಲಿಸುವ ವಿಮಾನದಲ್ಲಿ ಶಿಷ್ಯನ ಕೈಯಲ್ಲಿರುವಂತಹುದೇ ಚಾಲನಾ ದಂಡ ಗುರುವಿನ ಮುಂದೆಯೂ ಇರುತ್ತದೆ. ಗುರು ಕೆಳಗೆ ನಿಂತು ಕೂಗುವುದಿಲ್ಲ, ಜೊತೆಯಲ್ಲೇ ಹಾರುತ್ತಾನೆ. ಮನೆಗಳಲ್ಲಿ ಮಾತ್ರ ಹಿರಿಯರು ಕೆಳಗೆ ನಿಂತು ಕೂಗುವುದೇ ಹೆಚ್ಚು.

ಹದಿಹರೆಯದ ಮೆದುಳಿನಲ್ಲಿ ಭಯ ಕ್ರೋಧಗಳಿಗೆ ಥಟ್ಟನೆ ಸ್ಪಂದಿಸುವ ಭಾಗಗಳು ಚುರುಕಾಗಿರುತ್ತವೆ. ತಡೆದು ಯೋಚಿಸುವ ಮುಂಭಾಗವಾದರೋ ಪೂರ್ಣ ಬಲಿಯಲು ಸುಮಾರು ಇಪ್ಪತ್ತೈದನೆಯ ವಯಸ್ಸಿನವರೆಗೂ ಸಮಯ ಹಿಡಿಯುತ್ತದೆ. ಭಾವನೆಗೆ ಹೆಸರಿಟ್ಟು ಹೇಳಿದಾಗ ಆ ಚುರುಕು ಭಾಗದ ಉದ್ವೇಗ ತಗ್ಗುವುದನ್ನು ಮೆದುಳಿನ ಚಿತ್ರಣಗಳಲ್ಲಿ ವಿಜ್ಞಾನಿಗಳು ಕಂಡಿದ್ದಾರೆ. ಉಸಿರನ್ನು ನಿಧಾನವಾಗಿ ಹೊರಬಿಟ್ಟಾಗ ಹೃದಯದ ಬಡಿತವೂ ಇಳಿಯುತ್ತದೆ. “ಕೋಪ ಮಾಡಿಕೊಳ್ಳಬೇಡ” ಎಂಬ ಆಜ್ಞೆಯಿಂದ ಇವೆರಡರಲ್ಲಿ ಯಾವುದೂ ಆಗದು.

ಕಷಾಯಗಳ ವಿಚಾರದಲ್ಲಿ ನಮ್ಮ ಆಚಾರ್ಯರು ಆಜ್ಞೆಯನ್ನಷ್ಟೇ ಕೊಟ್ಟವರಲ್ಲ, ಅಳತೆಯನ್ನೂ ಕೊಟ್ಟವರು. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಕ್ರೋಧದ ತೀವ್ರತೆಯನ್ನು ಕಲ್ಲು, ನೆಲ, ಧೂಳು, ನೀರು ಇವುಗಳ ಮೇಲೆ ಎಳೆದ ಗೆರೆಗಳಿಗೆ ಹೋಲಿಸಿದೆ. ಗೃಹಸ್ಥನಿಗೆ ಗೆರೆಯೇ ಮೂಡಬಾರದೆಂಬ ನಿರೀಕ್ಷೆ ಅಲ್ಲಿಲ್ಲ. ಅದು ಎಷ್ಟು ಕಾಲ ಉಳಿಯುತ್ತದೆ ಎಂಬುದೇ ಪ್ರಶ್ನೆ. ಆ ಭಾನುವಾರ ಬಾಲಕ ನೀರಿನ ಮೇಲೆ ಎಳೆಯಹೊರಟ ಗೆರೆಯನ್ನು ಕಲ್ಲಿನ ಮೇಲೆ ಕೊರೆಯುವಂತೆ ಮಾಡಿದವರು ಹಿರಿಯರು ಎನ್ನದೆ ವಿಧಿಯಿಲ್ಲ.

ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯ ಪ್ರವಚನಕ್ಕೆ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸುವ ರೂಢಿ ಅನೇಕ ಕಡೆ ಇದೆ. ಬಸದಿಯ ಟ್ರಸ್ಟುಗಳು ಒಂದು ವರ್ಷ ಹಿರಿಯರನ್ನು ಮುಂದೆ ಕೂರಿಸಿ ನೋಡಬಹುದು. ಪಾಠಶಾಲೆಗೆ ತಿಂಗಳಿಗೊಮ್ಮೆ ತಂದೆತಾಯಿಗಳನ್ನೂ ಕರೆದು, ಮಕ್ಕಳು ಶಾಲೆಯಲ್ಲಿ ಕಲಿತುದನ್ನು ಮಕ್ಕಳಿಂದಲೇ ಹೇಳಿಸಬಹುದು. ಪ್ರತಿಕ್ರಮಣವೆಂದರೆ ತನ್ನ ದೋಷದ ಆಲೋಚನೆ. ಮಗನ ದೋಷಗಳ ಪಟ್ಟಿ ಓದುವುದಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆಂಬ ಮಾತಾಡುವ ಮಗುವಿಗೆ ಉಸಿರಾಟದ ಪಾಠವೂ ಸಾಲದು, ಸಾಮಾಯಿಕದ ಉಪದೇಶವೂ ಸಾಲದು. ಅಂತಹ ಮಗುವನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತನಾಡುವವರು ದೊರೆಯುತ್ತಾರೆ. ಲೋಕ ಏನೆಂದೀತು ಎಂಬ ಅಂಜಿಕೆಯಿಂದ ಇದನ್ನು ಮುಚ್ಚಿಡುವ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ.

ಆ ರಾತ್ರಿ ತಾತ ಮೊಮ್ಮಗನನ್ನು ಮನೆಗೆ ಕರೆತಂದರು. ಯಾರೂ ಏನೂ ಮಾತಾಡಲಿಲ್ಲ. ಮರುದಿನ ತಂದೆ ಮಗನ ಶಾಲೆಯ ಟಿಪ್ಪಣಿ ಪುಸ್ತಕವನ್ನು ಕೇಳಿ ಪಡೆದು, ಅಂಗಡಿಗೆ ಒಯ್ದು ಓದಿದರಂತೆ. ತಿಂಗಳಾದ ಮೇಲೆ ಮತ್ತೆ ಅಂಕಪಟ್ಟಿ ಬಂತು. ಅವರ ಧ್ವನಿ ಮತ್ತೆ ಏರಿತು. ಅರ್ಧದಲ್ಲಿ ತಡೆದು, “ಈಗ ನನಗೇ ಕೋಪ ಬಂದಿದೆ ಕಣೋ, ಸ್ವಲ್ಪ ತಾಳು” ಎಂದು ಎದ್ದು ಹಿತ್ತಿಲಿಗೆ ಹೋದರು. ಮಗ ಕುಳಿತಲ್ಲೇ ಕಾದ. ಕಾಲು ಗಂಟೆಯ ಮೇಲೆ ಅವರು ಮರಳಿ ಬಂದು ಕುಳಿತಾಗಲೂ ಗಣಿತದ ಅಂಕಗಳು ಅಷ್ಟೇ ಇದ್ದವು. ಅವುಗಳ ಮಾತು ಅಂದು ರಾತ್ರಿ ಬಹಳ ಹೊತ್ತು ನಡೆಯಿತು.