ನೇಮದ ಹೊತ್ತು

ರಕ್ತದೊತ್ತಡ ಏರಿದೆಯೆಂದು ತಿಳಿದ ದಿನ ಡಾಕ್ಟರರು ಮಾತ್ರೆಯ ಜೊತೆಗೆ ಒಂದು ಬುದ್ಧಿವಾದವನ್ನೂ ಕೊಟ್ಟರು: "ದಿನಾ ಅರ್ಧ ತಾಸು ಕಣ್ಣು ಮುಚ್ಚಿ ಸುಮ್ಮನೆ ಕೂಡ್ರಿ." ಅರವತ್ತು ದಾಟಿದ ಮನುಷ್ಯ ದೇವರ ಮಾತು ಕೇಳದಿದ್ದರೂ ಡಾಕ್ಟರರ ಮಾತು ಕೇಳುತ್ತಾನೆ. ಟಿಳಕವಾಡಿಯ ನಮ್ಮ ಮನೆಯಿಂದ ಎರಡು ಓಣಿ ಆಚೆಗಿರುವ ಯೋಗಕೇಂದ್ರದಲ್ಲಿ ನಾನೂ ಹೆಸರು ಹಚ್ಚಿದೆ.

ಕೇಂದ್ರವೆಂದರೆ ಒಂದು ಮನೆಯ ಮಾಳಿಗೆ. ಮೇಲೆ ತಗಡು, ಕೆಳಗೆ ರಬ್ಬರಿನ ಚಾಪೆಗಳು, ಗೋಡೆಗೆ ಪತಂಜಲಿಯ ಚಿತ್ರ. ಬ್ಯಾಂಕಿನಿಂದ ನಿವೃತ್ತರಾದವರು, ಸಕ್ಕರೆ ಕಾಯಿಲೆಯವರು, ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೋಗಿ ಸೊಂಟನೋವು ತಂದುಕೊಂಡ ತಾಯಂದಿರು, ಇವರು ನನ್ನ ಸಹಪಾಠಿಗಳು. ಕಲಿಸುವ ಹುಡುಗನಿಗೆ ಮೂವತ್ತರ ಪ್ರಾಯ. ಅವನ ಎಣಿಕೆ ಮರಾಠಿಯಲ್ಲಿ, ಸೂಚನೆ ಇಂಗ್ಲಿಷಿನಲ್ಲಿ, ಗದರಿಕೆ ಕನ್ನಡದಲ್ಲಿ. ಬೆಳಗಾವಿಯವರಿಗೆ ಇದರಲ್ಲಿ ವಿಶೇಷವೇನೂ ಕಾಣದು.

ಆಸನಗಳು ಹೇಗೋ ಸಾಗಿದವು. ಕೊನೆಯ ಇಪ್ಪತ್ತು ನಿಮಿಷದ ಧ್ಯಾನ ಮಾತ್ರ ನನಗೆ ಒಗ್ಗಲೇ ಇಲ್ಲ. ಕಣ್ಣು ಮುಚ್ಚಿದೊಡನೆ ಸುಟ್ಟ ಕೈಯೊಂದು ಎದುರಿಗೆ ಬರುತ್ತಿತ್ತು. ಕಣ್ಣು ತೆರೆದು ಉಳಿದವರ ಮುಖ ನೋಡುತ್ತ ಕಾಲ ಕಳೆಯುತ್ತಿದ್ದೆ.

ಹುಡುಗ ಇದನ್ನು ಗಮನಿಸಿರಬೇಕು. ಒಂದು ದಿನ ದಪ್ಪನೆಯ ಇಂಗ್ಲಿಷ್ ಪುಸ್ತಕ ಕೈಗಿತ್ತು, "ಸರ್, ಇದನ್ನ ಓದ್ರಿ. ಪರದೇಶದವರೆಲ್ಲ ಇದನ್ನ ಓದಿ ಇಲ್ಲಿಗೆ ಬರ್ತಾರ" ಎಂದ. 'ಐ ಆ್ಯಮ್ ದಟ್' ಎಂಬ ಪುಸ್ತಕ. ಮುಂಬಯಿಯ ಖೇತವಾಡಿಯಲ್ಲಿ ಬೀಡಿ ಅಂಗಡಿ ಇಟ್ಟಿದ್ದ ನಿಸರ್ಗದತ್ತ ಮಹಾರಾಜರು ಮರಾಠಿಯಲ್ಲಿ ಆಡಿದ ಮಾತುಗಳನ್ನು ಪೋಲೆಂಡಿನಲ್ಲಿ ಹುಟ್ಟಿದ ಇಂಜಿನಿಯರ್ ಮೊರಿಸ್ ಫ್ರೀಡ್‌ಮನ್ ಇಂಗ್ಲಿಷಿಗೆ ತಿರುಗಿಸಿದರು. ಅದು ಅಚ್ಚಾದದ್ದು 1973ರಲ್ಲಿ. ಪುಸ್ತಕದಲ್ಲಿ ಅವರ ಗುರುವಿನ ಹೆಸರಿತ್ತು: ಸಿದ್ಧರಾಮೇಶ್ವರ ಮಹಾರಾಜರು. ಇದು ಎಲ್ಲಿಯೋ ಕೇಳಿದ ಹೆಸರೆನ್ನಿಸಿತು. ಹಿಂದವಾಡಿಯ ಗುರುದೇವ ರಾನಡೆ ಮಂದಿರಕ್ಕೆ ಬರುವ ಹಿರಿಯರೊಬ್ಬರನ್ನು ಕೇಳಿದೆ. ಅವರು ನಕ್ಕು, "ಎಲ್ಲೆಲ್ಲೋ ಹುಡುಕಬ್ಯಾಡ್ರಿ. ಅವರೂ ಇಂಚಗೇರಿಯವರೇ. ಭಾವೂಸಾಹೇಬ ಮಹಾರಾಜರ ಶಿಷ್ಯರು" ಎಂದರು.

ನಾನು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಭಾವೂಸಾಹೇಬ ಮಹಾರಾಜರ ಪಟ ಖಾನಾಪುರದ ನಮ್ಮ ಮನೆಯ ನಡುಮನೆಯಲ್ಲಿ ತೂಗುತ್ತಿತ್ತು. ಒಟ್ಟು ನಾಲ್ಕು ಪಟಗಳು: ನಿಂಬರಗಿ ಮಹಾರಾಜರು, ಉಮದಿಯ ಭಾವೂಸಾಹೇಬರು, ಜಿಗಜಿವಣಿಯ ಅಂಬೂರಾವ ಮಹಾರಾಜರು, ಗುರುದೇವ ರಾನಡೆಯವರು. ಮೊದಲನೆಯವರು ಲಿಂಗಾಯತರು, ಅವರ ಪಾದ ಹಿಡಿದ ಎರಡನೆಯವರು ಬ್ರಾಹ್ಮಣ ದೇಶಪಾಂಡೆ. ಹತ್ತೊಂಬತ್ತನೆಯ ಶತಮಾನದ ವಿಜಾಪುರ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಭಾವೂಸಾಹೇಬರು ಇಂಚಗೇರಿಯಲ್ಲಿ ಮಠ ಕಟ್ಟಿ, 1914ರಲ್ಲಿ ತೀರಿಕೊಳ್ಳುವವರೆಗೂ ಸಂಸಾರಿಗಳಿಗೇ ನಾಮ ಕೊಟ್ಟರು. ಕಾವಿ ಉಡಬೇಕಾಗಿಲ್ಲ, ಹೆಂಡತಿ ಮಕ್ಕಳನ್ನು ಬಿಡಬೇಕಾಗಿಲ್ಲ. ದಿನಾಲು ನೇಮಕ್ಕೆ ಕೂಡಬೇಕು, ಅಷ್ಟೆ. ಭಜನೆ ಕನ್ನಡದಲ್ಲಿಯೂ ಉಂಟು, ಮರಾಠಿಯಲ್ಲಿಯೂ ಉಂಟು, ಓದುವುದು ದಾಸಬೋಧ. ಜಮಖಂಡಿಯಲ್ಲಿ ಹುಟ್ಟಿದ ರಾನಡೆಯವರು ಶಾಲೆಯ ಹುಡುಗನಾಗಿದ್ದಾಗಲೇ, 1901ರಲ್ಲಿ, ಅವರಿಂದ ನಾಮ ಪಡೆದವರು. ಮುಂದೆ ಅಲಹಾಬಾದ ವಿಶ್ವವಿದ್ಯಾಲಯದ ಕುಲಪತಿಗಳಾದರೂ ಅವರ ಮನಸ್ಸು ನಿಂಬಾಳದ ಬರಡು ಬಯಲಿನಲ್ಲಿಯೇ ಇತ್ತು. ಹಿಂದವಾಡಿಯ ತತ್ತ್ವಶಾಸ್ತ್ರದ ಅಕಾಡೆಮಿ 1952ರಲ್ಲಿ ಅವರು ಸ್ಥಾಪಿಸಿದ್ದು. 1957ರ ಜೂನ್ 6ರಂದು ನಿಂಬಾಳದಲ್ಲಿಯೇ ಅವರು ದೇಹವಿಟ್ಟರು.

ಸಿದ್ಧರಾಮೇಶ್ವರರು ಗುರುವಿನ ನಂತರ ಬೇರೆ ಹಾದಿ ಹಿಡಿದರಂತೆ. ಧ್ಯಾನ ಇರುವೆಯ ನಡಿಗೆ, ವಿಚಾರ ಹಕ್ಕಿಯ ಹಾರಾಟ. ಹಾರಬಲ್ಲವನು ನಡೆಯುವುದೇಕೆ, ಎಂಬುದು ಅವರ ನಿಲುವು. ಅದು ಗುರುಬಂಧುಗಳಿಗೆ ಹಿಡಿಸಲಿಲ್ಲ. ಆ ಹಕ್ಕಿಯೇ ಮುಂಬಯಿಯ ಬೀಡಿ ಅಂಗಡಿಯ ಮೇಲೆ ಹಾದು, ಸಮುದ್ರ ದಾಟಿ, ಇಂಗ್ಲಿಷ್ ಕಲಿತು, ನಮ್ಮ ಓಣಿಯ ಮಾಳಿಗೆಗೆ ಬಂದಿಳಿದಿತ್ತು. ನನ್ನ ತಂದೆಯವರದು ಮಾತ್ರ ಇರುವೆಯ ನಡಿಗೆ.

ಅವರು ಖಾನಾಪುರದ ಹಂಚಿನ ಕಾರಖಾನೆಯೊಂದರಲ್ಲಿ ಕಾರಕೂನರಾಗಿದ್ದರು. ಬೆಳಗಿನ ನಾಲ್ಕಕ್ಕೆ ಎದ್ದು, ಬಿಸಿನೀರಿನಲ್ಲಿ ಮಿಂದು, ಪಟಗಳ ಮುಂದೆ ಎರಡು ತಾಸು ಕೂಡುವರು. ಆ ಎರಡು ತಾಸು ಮನೆಯಲ್ಲಿ ಬೆಕ್ಕು ಸಹ ಮೆಲ್ಲಗೆ ನಡೆಯಬೇಕು. ಖಾನಾಪುರದ ಮಳೆಗಾಲ ಬಲ್ಲವರಿಗೆ ಗೊತ್ತು: ಮಲಪ್ರಭೆ ಅಸೋಗೆಯ ರಾಮಲಿಂಗನ ಗುಡಿಯ ಹತ್ತಿರಕ್ಕೆ ಏರಿದ ದಿನಗಳಲ್ಲಿ ಒಣ ಕಟ್ಟಿಗೆ ಎಂಬುದು ಬಂಗಾರ. ಹೊಗೆ ನುಂಗುತ್ತ, ಕೊಳವಿ ಊದುತ್ತ, ಆ ಹೊತ್ತಿನಲ್ಲಿ ಹಂಡೆ ಕಾಯಿಸುವವಳು ಅವ್ವ.

1969ರ ಮಳೆಗಾಲ, ನನಗೆ ಒಂಬತ್ತು ವರ್ಷ. ಒಂದು ಬೆಳಗ್ಗೆ ಎಚ್ಚರವಾಗಿ ಬಚ್ಚಲ ಕಡೆಗೆ ಹೋದೆ. ಅವ್ವ ಕುದಿಯುವ ನೀರಿನ ತಂಬಿಗೆ ಎತ್ತಿದ್ದಳು. ಹಸಿ ನೆಲದಲ್ಲಿ ಕಾಲು ಜಾರಿ ನೀರೆಲ್ಲ ಮುಂಗೈಯ ಮೇಲೆ ಚೆಲ್ಲಿತು. ಅವಳು ಕೂಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿ ನಿಂತಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕಣ್ಣಿನಿಂದಲೇ ಗದರಿಸಿದಳು. ನಡುಮನೆಯಲ್ಲಿ ಅಪ್ಪ ಕುಳಿತೇ ಇದ್ದರು. ಎದ್ದ ಮೇಲೆ ನೋಡಿ ಹೌಹಾರಿದರು, ಎಣ್ಣೆ ಹಚ್ಚಿದರು, ಡಾಕ್ಟರರಲ್ಲಿಗೂ ಕರೆದೊಯ್ದರು; ಅವರು ಕಲ್ಲುಮನಸ್ಸಿನವರಲ್ಲ. ಆದರೆ ಮರುದಿನ ನಾಲ್ಕಕ್ಕೆ ಮತ್ತೆ ಎದ್ದರು. ಹಂಡೆಯ ನೀರು ಮತ್ತೆ ಕಾದಿತ್ತು.

ನಾನೆಂದೂ ನೇಮಕ್ಕೆ ಕೂಡಲಿಲ್ಲ. ಅಪ್ಪ ಒಮ್ಮೆ ಕೇಳಿದರು, ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. 1998ರಲ್ಲಿ ಅವರು ತೀರಿಕೊಂಡಾಗ ಆ ಮಾತು ನಮ್ಮಿಬ್ಬರ ನಡುವೆ ಹಾಗೆಯೇ ಉಳಿದಿತ್ತು.

ಹಿಂದವಾಡಿಯಿಂದ ಮನೆಗೆ ಬಂದವನು ಪುಸ್ತಕವನ್ನು ಅವ್ವನ ಮುಂದಿಟ್ಟೆ. ಅವಳಿಗೀಗ ಎಂಬತ್ತಾರು. ಇಂಗ್ಲಿಷ್ ಬಾರದು; ಗುರುಗಳ ಹೆಸರು ಹೇಳಿದಾಗ ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು. ಐವತ್ತು ವರ್ಷದಿಂದ ಹೊಟ್ಟೆಯಲ್ಲಿದ್ದ ಮಾತು ಆಗ ಹೊರಬಿತ್ತು. "ಅವ್ವಾ, ಅವತ್ತ ಕೈ ಸುಟ್ಟಾಗ ನೀ ಯಾಕ ಕೂಗಲಿಲ್ಲ?"

"ಕೂಗಿದ್ರ ಎದ್ದ ಬರತಿದ್ರು."

"ಬರಲಿ! ನೇಮ ಮುರದರ ಏನಾಗತಿತ್ತು?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಾನು ಕನಸಿನಲ್ಲಿಯೂ ಎಣಿಸದ ಸಂಗತಿ ಹೇಳಿದಳು. ಮದುವೆಯ ಮರುವರ್ಷ, 1956ರಲ್ಲಿ, ಲೋಂಡಾ, ಹುಬ್ಬಳ್ಳಿ, ಗದಗ, ವಿಜಾಪುರ ಹಾಯ್ದು ಇಬ್ಬರೂ ನಿಂಬಾಳಕ್ಕೆ ಹೋಗಿದ್ದರಂತೆ. ನಾಮ ಸಿಕ್ಕಿದ್ದು ಅಪ್ಪನಿಗೊಬ್ಬನಿಗೇ ಅಲ್ಲ. ಅದೇ ದಿನ, ಅದೇ ಗುರುವಿನಿಂದ ಅವಳಿಗೂ.

"ನನಗೂ ಕೂಡಬೇಕು ಅನಸತಿತ್ತಪಾ. ದಿನಾ ಅನಸತಿತ್ತು. ನೀವು ನಾಕು ಮಂದಿ ಹುಡುಗರು, ಅತ್ತಿ, ಮಾವ. ನೀನೂ ಕೂಡು ಅಂತ ಯಾರ ಅಂದ್ರು? ಒಬ್ಬರರ ನೆಟ್ಟಗ ಕೂಡಲಿ ಅಂತ ಬಿಟ್ಟೆ."

ಸಿಟ್ಟಿನಿಂದ ಹೇಳಲಿಲ್ಲ, ತ್ಯಾಗದ ಧಾಟಿಯೂ ಇರಲಿಲ್ಲ. ದಿನಸಿಯ ಲೆಕ್ಕ ಒಪ್ಪಿಸುವಂತೆ ಹೇಳಿದಳು. ಯಾರ ಅಂದ್ರು ಎಂಬ ಪಟ್ಟಿಯಲ್ಲಿ ನಾನೂ ಇದ್ದೆ. ಅವಳು ನಮ್ಮ ಮನೆಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಅಪ್ಪನ ಮೇಲೆ ಸಿಟ್ಟು ಹಿಡಿದು ಕುಳಿತವನಿಗೆ ಅವಳನ್ನು ಈ ಒಂದು ಮಾತು ಕೇಳಲು ಪುರಸೊತ್ತಾಗಿರಲಿಲ್ಲ.

ಆ ವಾರ ಕೋಟೆಯೊಳಗಿನ ರಾಮಕೃಷ್ಣ ಆಶ್ರಮಕ್ಕೆ ಹೋಗಿದ್ದೆ. 1892ರ ಅಕ್ಟೋಬರದಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಾಗ ಮೊದಲು ವಕೀಲ ಭಾಟೆಯವರ ಮನೆಯಲ್ಲಿ ಇಳಿದುಕೊಂಡು, ಎಲೆ, ಅಡಿಕೆ, ತಂಬಾಕು ಕೇಳಿ ಮನೆಯವರನ್ನು ಬೆರಗುಗೊಳಿಸಿದರು. ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಒಂಬತ್ತು ದಿನ ಇದ್ದು, ಮರ್ಮಗೋವೆಯ ರೈಲು ಹತ್ತಿದರು. ಆ ರೈಲು ನಮ್ಮ ಖಾನಾಪುರದ ಮೇಲೆಯೇ ಹೋಗಬೇಕು. ಈ ಕಥೆಯನ್ನು ನಾನು ಹಿಂದೆ ಹತ್ತು ಸಲ ಕೇಳಿದ್ದೇನೆ. ದೀಕ್ಷೆ ಹರಿಪದರಿಗೆ ಮಾತ್ರವಲ್ಲ, ಅವರ ಹೆಂಡತಿ ಇಂದುಮತಿಯವರಿಗೂ ಆಯಿತೆಂಬುದು ಹನ್ನೊಂದನೆಯ ಸಲಕ್ಕೆ ನನ್ನ ಕಿವಿಗೆ ಬಿತ್ತು. ಹಾಗೆಯೇ ಹೊರಗೆ ಬಂದು ಕಮಲಬಸದಿಯ ನೆರಳಿನಲ್ಲಿ ಬಹಳ ಹೊತ್ತು ನಿಂತೆ.

ಯೋಗಕೇಂದ್ರಕ್ಕೆ ಈಗ ಸಂಜೆಯ ತರಗತಿಗೆ ಹೋಗುತ್ತೇನೆ. ಬೆಳಗ್ಗೆ ಪುರಸೊತ್ತಿಲ್ಲ. ಐದಕ್ಕೆ ಎದ್ದು ಗೀಜರ್ ಹಾಕಿ, ಅವ್ವನಿಗೆ ನೀರು ತೋಡಿಕೊಟ್ಟು, ಪಟಗಳ ಮುಂದೆ ಕುರ್ಚಿ ಇಡುತ್ತೇನೆ. ಮೊಣಕಾಲು ನೋವಿನಿಂದ ಅವಳಿಗೆ ನೆಲದ ಮೇಲೆ ಕೂಡಲಾಗದು. ಆಮೇಲೆ ಅಡಿಗೆಮನೆಗೆ ಹೋಗಿ ಹಾಲು ಇಡುತ್ತೇನೆ. ಹೆಂಡತಿ ಮೊದಮೊದಲು ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಈಗ ಏಳುವುದೇ ಆರೂವರೆಗೆ. ಮೊನ್ನೆ ಹಾಲು ಕಾಯುವವರೆಗೆ ನಾನೂ ಅಲ್ಲಿಯೇ ಮಣೆಯ ಮೇಲೆ ಕುಳಿತು ಕಣ್ಣು ಮುಚ್ಚಿದೆ. ಸುಟ್ಟ ಕೈ ಬಂತು. ಬಂದದ್ದು ಸ್ವಲ್ಪ ಹೊತ್ತು ನಿಂತು ಹೋಯಿತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ನಡುಮನೆಯಿಂದ ಅವ್ವನ ದನಿ ಗಟ್ಟಿಯಾಗಿ ಕೇಳಿತು:

"ಏ, ಹಾಲು ಉಕ್ಕಲಿಕತ್ತೇತಿ, ಒಲಿ ಆರಸೋ!"