ಬಿಸಿಯ ಮಗ್ಗುಲಲ್ಲಿ ಎಣ್ಣೆಯ ಕೊಳವೆ

ವಿಠ್ಠಲವಾಡಿಯ ನಿವಾಸಿಗಳಾದ ನಮಗೆ ವಾಹನಗಳ ಸಹವಾಸ ತಪ್ಪಿದ್ದಲ್ಲ. ಒಂದು ಕಡೆ ಕರ್ಜತ್ ಮಾರ್ಗದ ಲೋಕಲ್ ಗಾಡಿಗಳು, ಇನ್ನೊಂದು ಕಡೆ ಎಸ್.ಟಿ. ಡಿಪೋ, ನಡುವೆ ಉಲ್ಲಾಸನಗರಕ್ಕೆ ಸಾಮಾನು ಹೊತ್ತೊಯ್ಯುವ ಟೆಂಪೊ, ಲಾರಿಗಳು. ನಾವಾದರೋ ಕೇಂದ್ರ ಸರ್ಕಾರದ ಗುಮಾಸ್ತರು. ಫೈಲು ಹಿಡಿದವರೇ ಹೊರತು ಸ್ಟೇರಿಂಗ್ ಹಿಡಿದವರಲ್ಲ. ಆದರೂ ಎಂದೋ ಓದಿದ ಬಿ.ಎಸ್ಸಿ.ಯ ಭೌತಶಾಸ್ತ್ರ ಉಪಯೋಗಕ್ಕೆ ಬಂದದ್ದು ಕಚೇರಿಯಲ್ಲಲ್ಲ, ನೆರೆಮನೆಯವರ ಲಾರಿಯ ಅಡಿಯಲ್ಲಿ!

ಈ ನೆರೆಯವರು ವಿಜಯಪುರದ ಕಡೆಯವರು. ವರ್ಷಗಟ್ಟಲೆ ಓಡಿದ ಒಂದು ಮಿನಿ ಲಾರಿಯೇ ಅವರ ಹೊಲ, ಅವರ ಮನೆ. ಮಗಳ ಕಾಲೇಜಿನ ಫೀಯೂ ಅದರಿಂದಲೇ ಹುಟ್ಟಬೇಕು. ಬೇಸಗೆ ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕ್ಯಾಬಿನ್ನಿನಲ್ಲಿ ಕೂಡಿಸಿಕೊಂಡು ಊರಿಗೆ ಹೊರಡುವುದೂ ಅದರಲ್ಲೇ. ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಎರಕದ ಮ್ಯಾನಿಫೋಲ್ಡ್ ಬಿರುಕು ಬಿಟ್ಟಾಗ, ಒಂದು ಗ್ಯಾರೇಜಿನವರು ಉಕ್ಕಿನ ಕೊಳವೆಗಳನ್ನು ಬಗ್ಗಿಸಿ, ಬೆಸೆದು, ಬೇರೆಯದೊಂದನ್ನು ಕೂರಿಸಿಕೊಟ್ಟರು. ಅಲ್ಲಿಂದ ಶುರುವಾಯಿತು ತೊಂದರೆ.

"ಗಾಡಿ ಚಲೋ ಎಳೀತದ್ರೀ ಸಾಹೇಬ್ರ. ಆದ್ರ ಖೋಪೋಲಿ ದಾಟಿ ಘಾಟ್ ಏರೂಮುಂದ ಕ್ಲಚ್ ಪೆಡಲ್ ಸತ್ತಂಗ ಆಗ್ತದ. ಗೇರ್ ಬೀಳೂದಿಲ್ಲ. ಅರ್ಧಾ ತಾಸು ನಿಲ್ಲಿಸಿದ್ರ ಮತ್ತ ಜೀವ ಬರ್ತದ," ಎಂದರು ಅವರು.

ಹೇರು ತುಂಬಿದ ಗಾಡಿ ಏರಿನಲ್ಲಿ ಗೇರಿಗೆ ಸಿಗದೆ ನಿಂತರೆ, ಹಿಂದೆ ಬರುವ ವಾಹನಗಳ ಗತಿಯೇನು? ಕ್ಯಾಬಿನ್ನಿನಲ್ಲಿ ಕುಳಿತ ಮಕ್ಕಳ ಗತಿಯೇನು? ಗ್ಯಾರೇಜಿನವರು ಸಿಲಿಂಡರಿನ ರಬ್ಬರ್ ವಾಷರುಗಳನ್ನು ಎರಡು ಸಲ ಬದಲಿಸಿದ್ದರು. ರೋಗ ಹಾಗೆಯೇ ಉಳಿದಿತ್ತು.

ತಣ್ಣಗಾದರೆ ತಾನೇ ವಾಸಿಯಾಗುವ ರೋಗವೆಂದರೆ ಶಾಖದ ರೋಗವೇ ಇರಬೇಕು. ನಾವು ಟಾರ್ಚು ಹಿಡಿದು ಬಗ್ಗಿ ನೋಡಿದೆವು. ಕ್ಲಚ್ಚಿನ ಎಣ್ಣೆಯ ಸಣ್ಣ ಕೊಳವೆ ಹೊಸ ಹೊಗೆಕೊಳವೆಗೆ ಎರಡು ಬೆರಳಿನ ಅಂತರದಲ್ಲಿ ಹಾಯ್ದಿತ್ತು. ಹಳೆಯ ಎರಕದ ಭಾಗ ಎಂಜಿನ್ನಿಗೆ ಅಂಟಿಕೊಂಡಿತ್ತು. ಹೊಸದು ಹೊರಕ್ಕೆ ಉಬ್ಬಿ ಬಂದು ಕೊಳವೆಯ ಜಾಗವನ್ನು ಆಕ್ರಮಿಸಿತ್ತು.

ಕ್ಲಚ್ಚಿಗೆ ಹಾಕುವುದು ಬ್ರೇಕಿನ ಎಣ್ಣೆಯನ್ನೇ. ಅದು ಗಾಳಿಯ ತೇವವನ್ನು ಹೀರುತ್ತದೆ. 'ಡಾಟ್ 3' ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಕೂಡದೆಂದು ನಿಯಮ; ನೀರು ಹೀರಿದ ಎಣ್ಣೆಗೆ ಆ ಮಿತಿ ಕೇವಲ 140. ದ್ರವವನ್ನು ಒತ್ತಿದರೆ ಕುಗ್ಗದು, ಆದ್ದರಿಂದಲೇ ಪೆಡಲಿನ ಬಲ ಆಚೆ ತುದಿಗೆ ಮುಟ್ಟುತ್ತದೆ. ಕುದಿದು ಆವಿಯ ಗುಳ್ಳೆ ಎದ್ದರೆ ಗುಳ್ಳೆ ಕುಗ್ಗುತ್ತದೆ, ಪೆಡಲು ಕುಸಿಯುತ್ತದೆ, ಕ್ಲಚ್ ಮಾತ್ರ ಬಿಡುವುದಿಲ್ಲ.

ಏರಿನಲ್ಲೇ ಏಕೆ? ಭಾರ ಎಳೆಯುವಾಗ ಹೊಗೆಯ ಬಿಸಿ 500 ಡಿಗ್ರಿಯ ಆಸುಪಾಸಿಗೆ ಹೋಗಬಹುದು. ಸ್ಟೆಫಾನ್ ಎಂಬ ವಿಜ್ಞಾನಿ 1879ರಲ್ಲಿ ಕಂಡುಕೊಂಡ ನಿಯಮದಂತೆ, ಬಿಸಿ ವಸ್ತು ಸೂಸುವ ಶಾಖ ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತದಂತೆ ಏರುತ್ತದೆ. 300 ಡಿಗ್ರಿಯಿಂದ 500ಕ್ಕೆ ಏರಿದರೆ ಶಾಖ ಮೂರು ಪಟ್ಟಿಗೂ ಮಿಕ್ಕುತ್ತದೆ.

ಅಮೇರಿಕೆಯ ಹಳೆಯ ಪಿಕಪ್ ಲಾರಿಗಳನ್ನು ಇಟ್ಟುಕೊಂಡವರಿಗೂ ಇದೇ ತಲೆನೋವು. ಅಲ್ಲಿ ಗೇರು ತಾನಾಗಿ ಬದಲಾಗುವ ಗಾಡಿಗಳೇ ಬಹಳ. ಗೇರ್ ಪೆಟ್ಟಿಗೆಯ ಎಣ್ಣೆ ಎರಡು ಕೊಳವೆಗಳಲ್ಲಿ ರೇಡಿಯೇಟರಿನವರೆಗೆ ಹೋಗಿ, ತಂಪಾಗಿ, ಹಿಂತಿರುಗಬೇಕು. ಎಂಜಿನ್ನಿಗೆ ಬೇರೆ ಹೊಗೆಕೊಳವೆ ಕೂರಿಸಿದರೆ, ತಂಪಾಗಿ ಬಂದ ಎಣ್ಣೆ ದಾರಿಯಲ್ಲೇ ಮತ್ತೆ ಕಾಯುತ್ತದೆ. ರಬ್ಬರ್ ಸುಟ್ಟು ಎಣ್ಣೆ ಸೋರಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು.

ಪರಿಹಾರ ಎಲ್ಲೆಡೆಯೂ ಒಂದೇ. ಮೊದಲು ದೂರ, ಆಮೇಲೆ ಮರೆ. ಸಾಧ್ಯವಾದರೆ ಬಿಸಿಕೊಳವೆಯಿಂದ ಒಂದು ಗೇಣಾದರೂ ಅಂತರವಿರಲಿ. ಬಿಸಿ ಗಾಳಿ ಮೇಲಕ್ಕೇರುವುದರಿಂದ ಎಣ್ಣೆಯ ಕೊಳವೆ ಅದರ ಮೇಲೆ ಹಾಯದಿರಲಿ. ಕೊಳವೆಯ ಜೋಡಣೆಯಂತೂ ಅಲ್ಲಿ ಬೇಡವೇ ಬೇಡ, ಸೋರಿದ ಹನಿ ನೇರ ಕೆಂಡದ ಮೇಲೆ ಬಿದ್ದಂತೆ. ಜಾಗ ಸಾಲದಿದ್ದರೆ ನಡುವೆ ಹೊಳೆಯುವ ಅಲ್ಯೂಮಿನಿಯಂ ತಗಡನ್ನು ಎರಡೂ ಕಡೆ ಗಾಳಿಯಾಡುವಂತೆ ನಿಲ್ಲಿಸಬೇಕು. ಬಿಸಿಯ ಹತ್ತಿರ ಉಕ್ಕಿನ ಕೊಳವೆ. ಎಂಜಿನ್ ಅಲುಗುವಲ್ಲಿ ಮಾತ್ರ, ಸ್ವಲ್ಪ ಸಡಿಲ ಬಿಟ್ಟು, ರಬ್ಬರ್ ಕೊಳವೆ. ತಾಮ್ರದ ಕೊಳವೆ ಬಳಸಿದರೆ ಅದು ನಡುಕಕ್ಕೆ ಗಡುಸಾಗಿ ಸೀಳುತ್ತದೆ.

ನೆರೆಯವರ ಲಾರಿಯಲ್ಲಿ ಕೊಳವೆಯನ್ನು ಚಾಸಿಯ ಮಗ್ಗುಲಿಗೆ ತಿರುಗಿಸಿ, ಕ್ಲಿಪ್ಪುಗಳಲ್ಲಿ ಬಿಗಿದು, ಎಣ್ಣೆ ಬದಲಿಸಿದರು. ಅಂದಿನಿಂದ ಗಾಡಿ ಘಾಟಿನಲ್ಲಿ ನಿಲ್ಲಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ನಮೂನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ ಎಂದು ನಾವು ಗುಮಾಸ್ತರ ಧಾಟಿಯಲ್ಲಿ ಹೇಳಿದೆವು. ಕೆಲವು ತಿಂಗಳ ಮೇಲೆ ಮೊದಲಿನ ನಮೂನೆಯ ಎರಕದ ಮ್ಯಾನಿಫೋಲ್ಡೇ ದೊರೆಯಿತು, ಅದನ್ನೇ ಕೂರಿಸಿದರು.

ಮದುವೆಗೋ ಜಾತ್ರೆಗೋ ಬಾಡಿಗೆ ಗಾಡಿ ಗೊತ್ತುಮಾಡುವ ನಾವೆಲ್ಲ ಸೀಟಿನ ಮೆತ್ತೆ ಒತ್ತಿ ನೋಡುತ್ತೇವೆ, ದರಕ್ಕೆ ಚೌಕಾಸಿ ಮಾಡುತ್ತೇವೆ. ಇನ್ನು ಮುಂದೆ ಡ್ರೈವರನಿಗೆ ಇನ್ನೆರಡು ಪ್ರಶ್ನೆ ಕೇಳೋಣ: "ಸೈಲೆನ್ಸರ್, ಮ್ಯಾನಿಫೋಲ್ಡ್ ಬದಲಾಯಿಸೀರೇನ್ರೀ? ಎಣ್ಣಿ ಪೈಪು ಅದಕ್ಕ ತಾಗೂದಿಲ್ಲಲ್ಲ?" ಕಾರಖಾನೆಯವರು ಕೊಳವೆಗೆ ಕೊಟ್ಟ ಒಂದೊಂದು ಬಾಗಿಗೂ ಒಂದು ಕಾರಣವಿರುತ್ತದೆ. ಅದನ್ನು ಬದಲಿಸುವವರು ಆ ಕಾರಣವನ್ನು ಮೊದಲು ಕೇಳಿ ತಿಳಿಯುವುದು ಒಳಿತು.