ಹೊಳೆ ಅಡ್ಡ ಬಂದಾಗ

ಕಾರವಾರದಿಂದ ಹೊನ್ನಾವರದವರೆಗಿನ ಕಡಲಂಚಿನಲ್ಲಿ ಸಿಗುವ ದೊಡ್ಡ ಹೊಳೆಗಳು ನಾಲ್ಕು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಹೆದ್ದಾರಿಯವರಿಗೆ ಇವು ದಾಟಿದ್ದೇ ಗೊತ್ತಾಗುವುದಿಲ್ಲ. ಶರಾವತಿಯ ಮೇಲಿನ ಕೊಂಕಣ ರೈಲ್ವೆ ಸೇತುವೆ ಎರಡು ಕಿಲೋಮೀಟರಿಗಿಂತಲೂ ಉದ್ದ. ಆದರೂ ಕೈಯಲ್ಲಿನ ಚಹಾ ಆರುವುದರೊಳಗೆ ಆಚೆ ದಡ ಬಂದಿರುತ್ತದೆ. ಕಡಲಂಚಿನ ಊರದಾರಿ ಹಿಡಿದ ಸೈಕಲ್ಲಿನವನ ಹಣೆಬರಹ ಬೇರೆ. ಅವನ ರಸ್ತೆ ನೀರಿನ ಅಂಚಿಗೆ ಬಂದು ಮುಗಿದೇಹೋಗುತ್ತದೆ. ಮುಂದೆ ತಾರಿಯೇ, ಅಂದರೆ ಹೊಳೆ ದಾಟಿಸುವ ದೋಣಿಯೇ ಗತಿ.

ದೀರ್ಘ ರಜೆ ಹಾಕಿ ನಾನು ಸೈಕಲ್ಲಿನೊಂದಿಗೆ ಘಟ್ಟ ಇಳಿದದ್ದಕ್ಕೆ ದೊಡ್ಡಪ್ಪನ ಕತೆಗಳೇ ಕಾರಣ. ಅವರ ಕಾಲದಲ್ಲಿ ಬಸ್ಸು ಹೊನ್ನಾವರದ ಹೊಳೆದಂಡೆಗೆ ಬಂದು ನಿಲ್ಲುತ್ತಿತ್ತಂತೆ. ಗಂಟುಮೂಟೆ ಸಮೇತ ಎಲ್ಲರೂ ಇಳಿದು ಲಾಂಚು ಹತ್ತಬೇಕು. ಆಚೆ ದಡದಲ್ಲಿ ಕಾಯುತ್ತಿರುವ ಇನ್ನೊಂದು ಬಸ್ಸಿಗೆ ಓಡಿ ಟವಲ್ಲು ಹಾಕಿ ಸೀಟು ಹಿಡಿಯಬೇಕು. "ಹೊಳೆ ದಾಟೂದ್ರೊಳಗೆ ಒಂದು ಮದುವೆ ಸಂಬಂಧ ಕುದುರ್ತಿತ್ತು ಮಾರಾಯ" ಎಂದು ನಗುತ್ತಿದ್ದರು.

ಅದಕ್ಕೂ ಹಿಂದಿನವರಿಗೆ ಇಷ್ಟು ತಾಪತ್ರಯವೂ ಇರಲಿಲ್ಲ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ಗೇರುಸೊಪ್ಪೆಗೆ ಶರಾವತಿಯಲ್ಲೇ ದೋಣಿಯಲ್ಲಿ ಸಾಗಿದ. ಘಟ್ಟದ ಕಾಳುಮೆಣಸು ಹಡಗು ಸೇರುತ್ತಿದ್ದದ್ದೂ ಹೊಳೆಗಳ ಮೂಲಕವೇ. ಮಿರ್ಜಾನಿನ ಕೋಟೆ ಅಘನಾಶಿನಿಯ ಪಕ್ಕದಲ್ಲಿ ಎದ್ದದ್ದು ಸುಮ್ಮನೆ ಅಲ್ಲ. ಅಂದು ಹೊಳೆಯೇ ದಾರಿ. ಅದು ಅಡ್ಡಿಯಾದದ್ದು ಚಕ್ರ ಬಂದ ಮೇಲೆ. ಆ ಪಾಪದಲ್ಲಿ ನನ್ನ ಎರಡು ಚಕ್ರಗಳಿಗೂ ಪಾಲುಂಟು.

ಗೋಕರ್ಣದಲ್ಲಿ ಆಟ ತಿರುಗಿಬಿತ್ತು. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ನಡುವೆ ಚಿರೆಕಲ್ಲಿನ ಗುಡ್ಡಗಳು ಸಮುದ್ರದೊಳಕ್ಕೆ ಚಾಚಿಕೊಂಡಿವೆ. ಒಂದು ಬೀಚಿನಿಂದ ಇನ್ನೊಂದಕ್ಕೆ ಕಡಲ ಪಕ್ಕದಲ್ಲೇ ಹೋಗಬೇಕೆಂದರೆ ಗುಡ್ಡ ಹತ್ತಿಳಿಯುವ ಕಾಲುಹಾದಿ ಹಿಡಿಯಬೇಕು. ಮುರಕಲ್ಲು ಅಂಗಾಲಿಗೆ ಚುಚ್ಚುತ್ತದೆ, ಗೇರುಗಿಡದ ಕೊಂಬೆ ಟೊಪ್ಪಿ ಕೀಳುತ್ತದೆ. ಸೈಕಲ್ಲನ್ನು ವಸತಿಗೃಹದ ಜಗಲಿಗೆ ಒರಗಿಸಿ ನಡೆದೆ. ನಡೆಯುವ ಸುಖವೇನೋ ದೊಡ್ಡದು. ಆದರೆ ಸಂಜೆ ಎಷ್ಟೇ ದೂರ ಹೋಗಿದ್ದರೂ ಮತ್ತೆ ಗುಡ್ಡ ಹತ್ತಿಳಿದು ಅದೇ ಜಗಲಿಗೆ ಬರಬೇಕು. ಸೈಕಲ್ ಕಟ್ಟಿಕೊಂಡವನಿಗೆ ವೈರಾಗ್ಯ ಕಷ್ಟ.

ಮರುದಿನ ಅಘನಾಶಿನಿಯ ದಂಡೆಯ ತದಡಿಯಲ್ಲಿ ತಾರಿಗೆ ಕಾದೆ. ದೋಣಿಯಲ್ಲಿ ಬೈಕುಗಳು, ಮೀನಿನ ಬುಟ್ಟಿಗಳು, ಶಾಲೆಯ ಮಕ್ಕಳು. "ಸೈಕಲ್ ಗಟ್ಟಿ ಹಿಡ್ಕಳಿ ಮಾರಾಯ್ರೆ, ಮಲಗ್ಸಬೇಡಿ" ಎಂದ ದೋಣಿಯವ. ಚೈನಿನಲ್ಲಿ ಮರಳು ಕರಕರ ಎನ್ನುತ್ತಿತ್ತು. ಉಪ್ಪುಗಾಳಿ ಅಷ್ಟರಲ್ಲೇ ಸ್ಪೋಕುಗಳ ತಲೆಗೆ ಕೆಂಪು ಹಚ್ಚಿತ್ತು. ಪಕ್ಕದಲ್ಲಿದ್ದ ಅಜ್ಜಿ ಅದನ್ನು ನೋಡಿ, "ತೆಂಗಿನೆಣ್ಣೆ ಹಾಕು ಮಗಾ" ಎಂದರು. ತಲೆಗೂ ಸೈಕಲ್ಲಿಗೂ ಒಂದೇ ಮದ್ದು.

ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಶಿರಸಿಯಿಂದ ಇಳಿದ ಸಿಹಿನೀರು ಇಲ್ಲಿ ಕಡಲ ಭರತದ ಉಪ್ಪುನೀರಿನೊಂದಿಗೆ ಬೆರೆಯುತ್ತದೆ. ಆ ಚೌಳುನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪಿಗೆ ಅದು ಹೆದರುವುದಿಲ್ಲ. ಇಳಿತದ ಹೊತ್ತಿಗೆ ಜನ ಸೊಂಟಮಟ್ಟ ನೀರಿಗಿಳಿದು ಚಿಪ್ಪಿಕಲ್ಲು ಬಾಚುತ್ತಾರೆ. 2024ರಲ್ಲಿ ಈ ಅಳಿವೆಗೆ ಜೌಗುನೆಲಗಳಿಗೆ ಸಲ್ಲುವ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಸೇತುವೆಯ ಮೇಲಿಂದ ಇದೆಲ್ಲ ಒಂದು ಹೊಳೆವ ನೀರಿನ ಪಟ್ಟಿಯಷ್ಟೆ. ಕಾಯುತ್ತ ಕೂತವನಿಗೆ ನೀರು ಇಳಿಯುವುದೂ ಕಾಣುತ್ತದೆ, ಕೆಸರಿಗೆ ಹಕ್ಕಿ ಇಳಿಯುವುದೂ ಕಾಣುತ್ತದೆ.

ಅದೇ 2024ರ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿ ಕುಸಿದು, ಲಾರಿಯೊಂದು ಹೊಳೆಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ಕೆಳಗೆ ಹೊಳೆಯೊಂದಿದೆ ಎಂಬುದು ಹೆದ್ದಾರಿಯವರಿಗೆ ನೆನಪಾದದ್ದು ಆಗಲೇ ಇರಬೇಕು.

ಈ ಕಡೆ ಸೈಕಲ್ ತರುವ ಗೆಳೆಯರು ನನ್ನನ್ನು ಕೇಳುವುದು ದೂರ ಎಷ್ಟೆಂದು. ನಾನು ಹೇಳುವುದು ಕೊನೆಯ ತಾರಿ ಎಷ್ಟು ಹೊತ್ತಿಗೆಂದು. ಕಿಲೋಮೀಟರುಗಳನ್ನು ಮೊಬೈಲೇ ಹೇಳುತ್ತದೆ. ದೋಣಿಯವ ಊಟಕ್ಕೆ ಹೋಗಿದ್ದಾನೆ ಎಂಬುದನ್ನು ದಡದಲ್ಲಿ ಕೂತವರನ್ನೇ ಕೇಳಬೇಕು.